ಮೇಸ್ತ್ರಿಯ ಅಫೀಮು ಬಿಡಿಸಿದ್ದು

ಅಫೀಮಿನಿಂದ ತೆಗೆಯುವ ನೋವಿನ ಮದ್ದು ಮಾರ್ಫಿಯಾ ಆಗ ನಮಗೆ ಗುಳಿಗೆಯ ರೂಪದಲ್ಲಿ ಬರುತ್ತಿತ್ತು. ಬೆರಳುದ್ದದ ಗಾಜಿನ ಕೊಳವೆಯೊಳಗೆ ಒಂದರ ಮೇಲೊಂದು ಕೂತ ಪುಟ್ಟ ಬಿಳಿ ಗುಳಿಗೆಗಳು. ಚಮಚದಲ್ಲಿ ಬಟ್ಟಿ ಇಳಿಸಿದ ನೀರು ಹಾಕಿ, ಸ್ಪಿರಿಟ್ ದೀಪದ ಮೇಲೆ ಹಿಡಿದು ಕುದಿಸಿ, ಅದರಲ್ಲಿ ಗುಳಿಗೆ ಕರಗಿಸಿ, ಗಾಜಿನ ಸಿರಿಂಜಿಗೆ ಎಳೆದುಕೊಂಡು ಚುಚ್ಚಬೇಕು. ಇಷ್ಟೆಲ್ಲ ಮುಗಿಯುವ ಮೊದಲೇ ರೋಗಿಯ ನರಳಾಟ ಅರ್ಧ ಇಳಿದಿರುತ್ತಿತ್ತು. ದೀಪ ಹಚ್ಚಿದ್ದು ಕಣ್ಣಿಗೆ ಬಿದ್ದರೇ ಸಾಕು. ಮೂವತ್ತರ ದಶಕದ ನಡುವೆ ಭದ್ರಾವತಿಯ ಒಂದು ಕಾರ್ಖಾನೆಯ ಆಸ್ಪತ್ರೆಯಲ್ಲಿ ನಾನು ಕಿರಿಯ ಡಾಕ್ಟರಾಗಿದ್ದಾಗ, ಒಬ್ಬನೇ ಒಬ್ಬ ಮೇಸ್ತ್ರಿಗಾಗಿ ಈ ದೀಪ ಹಚ್ಚಿ ಹಚ್ಚಿ ನನಗೆ ಸ್ಪಿರಿಟ್ಟಿನ ವಾಸನೆಯೇ ಆಗದಂತಾಯಿತು.

ಸಾಮಾನು ಸಾಗಿಸುವ ಟ್ರಾಲಿ ಹಳಿ ತಪ್ಪಿ ಅವನ ಎಡಪಾದದ ಮೇಲೆ ಬಿದ್ದಿತ್ತು. ನಮ್ಮ ಆಸ್ಪತ್ರೆಯ ಮುಖ್ಯಸ್ಥರು, ಎಲ್ಲರೂ ದೊಡ್ಡ ಡಾಕ್ಟರು ಎಂದು ಕರೆಯುತ್ತಿದ್ದವರು, ಮೊಣಕಾಲಿನ ಕೆಳಗೆ ಕಾಲು ಕತ್ತರಿಸಿ ತೆಗೆದರು. ಕತ್ತರಿಸಿದ್ದು ಚೆನ್ನಾಗಿಯೇ ಆಯಿತು, ಆದರೆ ಗಾಯ ಮಾಯಲಿಲ್ಲ. ಕೀವನ್ನು ಒಣಗಿಸುವ ಇಂದಿನ ಔಷಧಿಗಳು ಆಗ ಇರಲಿಲ್ಲ. ದಿನಾ ಬೆಳಿಗ್ಗೆ ಗಾಯಕ್ಕೆ ಅಂಟಿಕೊಂಡ ಪಟ್ಟಿ ಬಟ್ಟೆಯನ್ನು ನೆನೆಸಿ ಬಿಡಿಸುವುದು, ಕ್ಲೋರಿನ್ ನೀರಿನಿಂದ ತೊಳೆಯುವುದು, ಬಿಸಿನೀರಿನ ಬಟ್ಟೆಯ ಶಾಖ ಕೊಡುವುದು, ಮತ್ತೆ ಕಟ್ಟುವುದು. ಇದನ್ನು ಯಾವ ಮನುಷ್ಯನೂ ಸುಮ್ಮನೆ ಸಹಿಸಲಾರ. ಅದಕ್ಕೇ ಕಟ್ಟು ಬಿಚ್ಚುವ ಮೊದಲು ಒಂದು ಮಾರ್ಫಿಯಾ. ಆಮೇಲೆ ಸಂಜೆಗೊಂದು. ಆಮೇಲೆ ಕೇಳಿದಾಗಲೆಲ್ಲ. "ಕೇಳಿದ್ರೆ ಕೊಟ್ಬಿಡ್ರೀ, ಅವನ ಕೂಗಾಟ ಕೇಳಕ್ಕಾಗಲ್ಲ" ಎಂದು ದೊಡ್ಡ ಡಾಕ್ಟರು ಹೇಳಿ ಹೋಗಿಬಿಡುತ್ತಿದ್ದರು. ಕೂಗಾಟ ಕೇಳಬೇಕಾದವನು ನಾನು, ದೀಪ ಹಚ್ಚಬೇಕಾದವನೂ ನಾನು.

ಮೇಸ್ತ್ರಿ ಹೊಳೆಹೊನ್ನೂರಿನ ಕಡೆಯವನು. ಅವನ ತಾಯಿ ಗದ್ದೆ ಕೂಲಿ ಮಾಡಿ ಅವನನ್ನು ಬೆಳೆಸಿದ್ದಳು. ಹೆಂಡತಿ ತೀರಿಕೊಂಡಿದ್ದಳು, ಇಬ್ಬರು ಹೆಣ್ಣುಮಕ್ಕಳನ್ನು ಅಜ್ಜಿಯೇ ಕಾರ್ಖಾನೆಯ ಲೈನು ಮನೆಯಲ್ಲಿ ನೋಡಿಕೊಳ್ಳುತ್ತಿದ್ದಳು. ಕಾರ್ಖಾನೆಯವರು ಅವನಿಗೆಂದು ಉಗ್ರಾಣದಲ್ಲಿ ಕೂತು ಮಾಡುವ ಕೆಲಸವೊಂದನ್ನು ಖಾಲಿ ಇಟ್ಟಿದ್ದರು. ಉಳಿ, ಸುತ್ತಿಗೆ, ಸ್ಪ್ಯಾನರು ಎಣಿಸಿ ಕೊಡುವುದು, ಎಣಿಸಿ ತೆಗೆದುಕೊಳ್ಳುವುದು. ಆದರೆ ಗಾಯ ಮಾಯಬೇಕು, ಮೈಯಲ್ಲಿ ಯಾವ ಚಟವೂ ಇಲ್ಲವೆಂದು ದೊಡ್ಡ ಡಾಕ್ಟರು ಸರ್ಟಿಫಿಕೇಟ್ ಕೊಡಬೇಕು. ಅದು ಸಿಗದಿದ್ದರೆ ಕೆಲಸವೂ ಇಲ್ಲ, ಮನೆಯೂ ಇಲ್ಲ. ಆ ಮುದುಕಿ ಎರಡು ಮಕ್ಕಳನ್ನು ಕರೆದುಕೊಂಡು ಮತ್ತೆ ಯಾರದೋ ಗದ್ದೆಯ ಬದುವಿಗೆ ಹೋಗಬೇಕು.

ಈ ಮಾತು ಬಂದಾಗ ದೊಡ್ಡ ಡಾಕ್ಟರಿಗೆ ಒಮ್ಮೆಲೇ ಜ್ಞಾನೋದಯವಾಯಿತು. "ಏನ್ರೀ, ಇವನಿಗೆ ಇಷ್ಟೊಂದು ಮಾರ್ಫಿಯಾ ಯಾಕೆ ಹೋಗ್ತಾ ಇದೆ?" ಎಂದು ನನ್ನನ್ನೇ ಕೇಳಿದರು. ನನಗೆ ಮೈ ಉರಿದುಹೋಯಿತು. "ನೀವೇ ಹೇಳಿದ್ದಲ್ವಾ ಸಾರ್" ಎಂದೆ. "ಹೇಳಿದ್ದು ನೋವಿಗೆ. ಇದು ಈಗ ನೋವಲ್ಲ, ಚಟ. ನಿಲ್ಸಿ" ಎಂದರು. ನೋವು ಎಲ್ಲಿ ಮುಗಿದು ಚಟ ಎಲ್ಲಿ ಶುರುವಾಯಿತೆಂದು ಅವರಿಗೆ ಹೇಗೆ ಗೊತ್ತಾಯಿತೋ! ಪಕ್ಕದಲ್ಲೇ ಕೂತು ಗಾಯ ತೊಳೆಯುತ್ತಿದ್ದ ನನಗೆ ಗೊತ್ತಾಗಿರಲಿಲ್ಲ. ಹೊತ್ತಿಗೆ ಸರಿಯಾಗಿ ಸೂಜಿ ಬೀಳದಿದ್ದರೆ ಅವನಿಗೆ ಆಕಳಿಕೆ ಶುರುವಾಗುತ್ತಿತ್ತು, ಮೂಗು ಸೋರುತ್ತಿತ್ತು, ತೋಳಿನ ರೋಮ ನಿಮಿರಿ ನಿಲ್ಲುತ್ತಿತ್ತು, ಹೊಟ್ಟೆ ನುಲಿಯುತ್ತಿತ್ತು. ಅದು ಚಟವೇ. ಆದರೆ ಕೀವೂ ಇತ್ತು, ಮುಟ್ಟಿದರೆ ಅವನು ಹಾರಿಬೀಳುತ್ತಿದ್ದ. ಅದು ನೋವೇ.

ಮೊದಲು ನಾನು ಪುಸ್ತಕದ ಉಪಾಯ ಮಾಡಿದೆ. ಯಾವಾಗಿನ ಹಾಗೆ ದೀಪ ಹಚ್ಚಿ, ಚಮಚ ಕಾಯಿಸಿ, ಗುಳಿಗೆ ಹಾಕದೆ ಬರೀ ನೀರು ಚುಚ್ಚಿದೆ. ಮೇಸ್ತ್ರಿ ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ಮಲಗಿದ್ದ. ನಾನು ಗೆದ್ದೆ ಎಂದುಕೊಂಡೆ.

"ಇದು ನೀರು ಸ್ವಾಮಿ" ಎಂದ, ಕಣ್ಣು ಬಿಡದೆ.

"ಯಾರು ಹೇಳಿದ್ದು?"

"ಮೂಗು ತುರಿಸ್ತಾ ಇಲ್ಲ. ಆ ಮದ್ದು ಹೋದ್ರೆ ಮೊದ್ಲು ಮೂಗಿನ ತುದಿ ತುರಿಸ್ತದೆ. ನಾನೇನು ಇವತ್ತು ನಿನ್ನೆ ಹಾಕಿಸ್ಕೊಳ್ತಿರೋನಾ?"

ಎರಡನೆಯ ಉಪಾಯವಾಗಿ, ಗುಳಿಗೆ ಕರಗಿಸಿದ ನೀರಿನಲ್ಲಿ ಸ್ವಲ್ಪ ಚೆಲ್ಲಿ ಉಳಿದದ್ದನ್ನು ಕೊಡುತ್ತ ಬಂದೆ. ವಾರವಾರಕ್ಕೂ ಚೆಲ್ಲುವುದನ್ನು ಹೆಚ್ಚು ಮಾಡಿದೆ. ಮೂಗು ತುರಿಸಲಿ ಪಾಪ, ಸ್ವಲ್ಪ ಕಡಿಮೆ ತುರಿಸಲಿ. ಮೊದಲ ಕೆಲವು ದಿನ ಅವನು ತಟ್ಟೆ ಎಸೆದ, ನನ್ನ ವಂಶವನ್ನೆಲ್ಲ ಬೈದ. ಆಮೇಲೆ ಆಶ್ಚರ್ಯವೆಂಬಂತೆ ಸುಮ್ಮನಾದ. ಮದ್ದು ಅರ್ಧಕ್ಕೆ ಇಳಿಯಿತು, ಮೇಸ್ತ್ರಿ ಮುಖ ಕೆಡಿಸಿಕೊಳ್ಳಲಿಲ್ಲ. ಕಾಲುಭಾಗಕ್ಕೆ ಇಳಿಯಿತು, ಆಗಲೂ ನಿದ್ದೆ ಮಾಡಿದ. ದೊಡ್ಡ ಡಾಕ್ಟರು ನನ್ನ ಬೆನ್ನು ತಟ್ಟಿದರು. ನಾನೂ ನಾಚಿಕೆಯಿಲ್ಲದೆ ತಟ್ಟಿಸಿಕೊಂಡೆ.

ಗಾಯ ಮಾತ್ರ ಸೋರುತ್ತಲೇ ಇತ್ತು. ಕೊನೆಗೆ ದೊಡ್ಡ ಡಾಕ್ಟರ ಒಪ್ಪಿಗೆ ಪಡೆದು ಅವನನ್ನು ಶಿವಮೊಗ್ಗದ ಆಸ್ಪತ್ರೆಯ ಸರ್ಜನರಿಗೆ ತೋರಿಸಿದೆ. ಅವರು ಮಾತು ಕಡಿಮೆಯ ಮನುಷ್ಯ. ಸಣ್ಣ ಲೋಹದ ಸಲಾಕೆಯನ್ನು ಗಾಯದ ರಂಧ್ರದೊಳಗೆ ಇಳಿಸಿ, ಅದು ಒಳಗೆ ಒರಟಾಗಿ ತಾಗಿದ್ದನ್ನು ನನ್ನ ಕೈಗೂ ಗೊತ್ತು ಮಾಡಿಸಿದರು. "ಸತ್ತ ಎಲುಬಿನ ಚೂರು ಒಳಗೇ ಉಳಿದಿದೆ. ಅದನ್ನ ತೆಗೀದೆ ನೀವು ಇನ್ನೊಂದು ವರ್ಷ ತೊಳೆದ್ರೂ ಅಷ್ಟೇ" ಎಂದರು. ಇಷ್ಟು ದಿನ ವಾರ್ಡಿನಲ್ಲಿ ಅವನ ನರಳಾಟವನ್ನು ನಾಟಕ ಎಂದು ನಗುತ್ತಿದ್ದವರನ್ನೆಲ್ಲ ಅಲ್ಲಿಗೆ ಕರೆಸಿ ಆ ಸಲಾಕೆ ಹಿಡಿಸಬೇಕೆನಿಸಿತು.

ಆಪರೇಷನ್ನಿನ ದಿನ ಬೆಳಗಿನ ರೈಲಿಗೆ ಹೊರಟೆವು. ಮೇಸ್ತ್ರಿ, ಅವನ ತಾಯಿ, ನಾನು. ಕ್ಲೋರೋಫಾರ್ಮ್ ಕೊಡುವುದಿದೆ, ಹೊಟ್ಟೆಗೆ ಏನೂ ಹಾಕಬಾರದು ಎಂದು ಹಿಂದಿನ ದಿನವೇ ಮುದುಕಿಗೆ ಕಟ್ಟುನಿಟ್ಟಾಗಿ ಹೇಳಿದ್ದೆ. ಅವಳು ಪಾಲಿಸಿದಳು. ಮಗ ನೀರು ಕೇಳಿದರೂ ಕೊಡಲಿಲ್ಲ. ರೈಲು ಹೊರಟ ಮೇಲೆ ಮಡಿಲಲ್ಲಿ ಎಲೆ ಅಡಿಕೆಯ ಸಂಚಿ ಬಿಚ್ಚಿ, ಎಲೆಯ ಬೆನ್ನಿಗೆ ಸುಣ್ಣ ಸವರಿ, ಮಡಿಸಿ, ಮಗನ ಬಾಯಿಗಿಟ್ಟಳು. ನನಗೂ ಒಂದು ಮಡಿಸಿಕೊಟ್ಟಳು. ದೊಡ್ಡವರು ಕೊಟ್ಟ ಎಲೆಯನ್ನು ಬೇಡ ಎನ್ನಲಾಗದು. ನಾನೂ ಹಾಕಿಕೊಂಡು ಕಿಟಕಿಯಿಂದ ಹೊರಗೆ ನೋಡುತ್ತ ಕೂತೆ.

ಶಿವಮೊಗ್ಗದಲ್ಲಿ ಸರ್ಜನರು ಕೇಳಿದರು, "ಹೊಟ್ಟೆ ಖಾಲಿ ತಾನೇ?"

"ಒಂದು ತೊಟ್ಟು ನೀರೂ ಕೊಟ್ಟಿಲ್ಲ ಸ್ವಾಮಿ" ಎಂದಳು ಮುದುಕಿ. ನಾನೂ ಹೌದೆಂದು ತಲೆಯಾಡಿಸಿದೆ. ಇಬ್ಬರೂ ಸುಳ್ಳು ಹೇಳಿರಲಿಲ್ಲ.

ಆಪರೇಷನ್ನಿಗೆ ಮುಂಚೆ ಕೊಡುವ ಪದ್ಧತಿಯಂತೆ ಮಾರ್ಫಿಯಾ ಚುಚ್ಚಿ ಅವನನ್ನು ಹೊರಗಿನ ಕೋಣೆಯಲ್ಲಿ ಮಲಗಿಸಿದರು. ಒಳಗೆ ಉಪಕರಣಗಳು ಕುದಿಯುತ್ತಿದ್ದವು. ನಾನು ಅವನ ಜೊತೆ ಕೂತು ಉಗ್ರಾಣದ ಕೆಲಸದ ಮಾತಾಡುತ್ತಿದ್ದೆ. ಅವನ ಉತ್ತರಗಳು ಗಿಡ್ಡವಾದವು, ಆಮೇಲೆ ನಿಂತವು. ಚೆನ್ನಾಗಿ ಮಂಪರು ಬಂದಿದೆ ಎಂದುಕೊಂಡೆ. ಆಮೇಲೆ ಅವನ ತುಟಿ ನೋಡಿದೆ. ನೇರಳೆ ಬಣ್ಣಕ್ಕೆ ತಿರುಗಿತ್ತು. ರೆಪ್ಪೆ ಎತ್ತಿದರೆ ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗಿತ್ತು. ಒಂದು ಉಸಿರಾದ ಮೇಲೆ ಇನ್ನೊಂದು ಬರುತ್ತದೋ ಇಲ್ಲವೋ ಎಂದು ಕಾಯುವಂತಾಯಿತು. ನಾನು ಸರ್ಜನರನ್ನು ಕೂಗಿದ ದನಿ ನನ್ನದೇ ಎಂದು ನನಗೆ ಅನಿಸಲಿಲ್ಲ.

ಸರ್ಜನರು ಪಾಪೆ ನೋಡಿದವರೇ ಹೊಟ್ಟೆಗೆ ರಬ್ಬರ್ ನಳಿಗೆ ಇಳಿಸಿ, ಪೊಟ್ಯಾಸಿಯಂ ಪರ್ಮಾಂಗನೇಟ್ ಕರಗಿಸಿದ ಗುಲಾಬಿ ನೀರು ಹೊಯ್ದು ತೊಳೆಯಲು ಶುರುಮಾಡಿದರು. ಅಫೀಮು ತಿಂದವರಿಗೆ ಮಾಡುವ ಉಪಚಾರ ಅದು. ನಾವು ಮದ್ದು ಕೊಟ್ಟದ್ದು ಸೂಜಿಯಿಂದ ತಾನೇ, ಹೊಟ್ಟೆ ಯಾಕೆ ತೊಳೆಯುತ್ತಾರೆ ಎಂದು ನಾನು ಮಂಕಾಗಿ ನಿಂತಿದ್ದೆ. ಬೋಗುಣಿಗೆ ಬಂದ ನೀರಿನಲ್ಲಿ ಎಲೆಯ ನಾರು, ಅಡಿಕೆಯ ಚೂರು, ಅವುಗಳ ನಡುವೆ ಕಂದು ಬಣ್ಣದ ಅಂಟು. ಅಫೀಮಿನ ವಾಸನೆ ಒಮ್ಮೆ ಕುಡಿದ ಮೂಗಿಗೆ ಮರೆಯುವುದಿಲ್ಲ. ಕೋಣೆಯಲ್ಲಿ ಅದೇ ತುಂಬಿತು.

ಅಫೀಮು ಹೆಚ್ಚಾದವನನ್ನು ನಿದ್ದೆ ಹೋಗಲು ಬಿಡಬಾರದು, ಹಿಡಿದುಕೊಂಡು ನಡೆಸುತ್ತಿರಬೇಕು ಎಂದು ನಮಗೆ ಕಲಿಸಿದ್ದರು. ಒಂಟಿ ಕಾಲಿನವನನ್ನು ನಡೆಸುವುದು ಹೇಗೆಂದು ಯಾರೂ ಕಲಿಸಿರಲಿಲ್ಲ. ಇಬ್ಬರು ಆಳುಗಳು ಕಂಕುಳಿಗೆ ಕೈಕೊಟ್ಟು ಎತ್ತಿದರೆ ಅವನ ಒಂದು ಪಾದ ನೆಲದಲ್ಲಿ ಎಳೆದಾಡುತ್ತಿತ್ತು. ಕೆಫೀನ್ ಚುಚ್ಚಿದೆವು, ಗಟ್ಟಿ ಕಾಫಿಯನ್ನು ನಳಿಗೆಯಲ್ಲಿ ಹೊಯ್ದೆವು, ಉಸಿರು ನಿಂತಾಗಲೆಲ್ಲ ತೋಳು ಎತ್ತಿ ಇಳಿಸಿ ಎದೆ ಒತ್ತಿದೆವು. ಕೊನೆಗೆ ನಾನು ಮುದುಕಿಯನ್ನು ಒಳಗೆ ಎಳೆದು ತಂದು, "ಮಾತಾಡ್ಸು ಅವನ್ನ, ಬಿಡ್ಬೇಡ" ಎಂದೆ. ಅವಳು ಅಳಲಿಲ್ಲ. ಮಗನ ಕೆನ್ನೆಗೆ ಬಡಿಯುತ್ತ ಬಾಯಿಗೆ ಬಂದಂತೆ ಬೈದಳು. "ಏಳೋ! ಮಕ್ಕಳನ್ನ ನನ್ ಕೊರಳಿಗೆ ಕಟ್ಟಿ ಹೋಗ್ತೀಯೇನೋ? ಕಣ್ ಬಿಡೋ!" ಮಧ್ಯಾಹ್ನ ಪೂರ್ತಿ ಬೈದಳು, ಗಂಟಲು ಕಟ್ಟುವವರೆಗೆ. ಬಿಸಿಲು ಇಳಿಯುವ ಹೊತ್ತಿಗೆ ಮೇಸ್ತ್ರಿ ಕಣ್ಣು ಬಿಟ್ಟು, "ಸಾಕು ಸುಮ್ನಿರವ್ವ" ಎಂದ. ಆ ಮಾತು ಕೇಳಿದ ಮೇಲೇ ಅವನನ್ನು ಮಲಗಿಸಲು ಆಳುಗಳಿಗೆ ಹೇಳಿದೆ.

ಹೊರಗಿನ ಜಗಲಿಯಲ್ಲಿ ಮುದುಕಿಯ ಮೇಲೆ ನಾನು ಹರಿಹಾಯ್ದೆ. ಎಷ್ಟು ದಿನದಿಂದ ಕೊಡ್ತಿದ್ದೀಯ? ಅವಳು ಮುಚ್ಚುಮರೆ ಮಾಡಲಿಲ್ಲ. ನಾನು ಸೂಜಿಯ ಮದ್ದು ಇಳಿಸಲು ಶುರುಮಾಡಿದಾಗಿನಿಂದ. ಸರ್ಕಾರದ ಪರವಾನಗಿಯಿದ್ದ ಅಫೀಮಿನ ಅಂಗಡಿಯಲ್ಲಿ ರಾಜಾರೋಷವಾಗಿ ತಂದದ್ದು. ದಿನಾ ಆಸ್ಪತ್ರೆಯಲ್ಲೇ, ನಮ್ಮೆಲ್ಲರ ಕಣ್ಣೆದುರಿಗೇ, ಎಲೆಯಲ್ಲಿ ಮಡಿಸಿ ಕೊಟ್ಟದ್ದು. ಹೊರಗಿನ ತಿಂಡಿ ತರಬಾರದೆಂಬ ನಿಯಮ ನಮ್ಮ ವಾರ್ಡಿನಲ್ಲಿತ್ತು. ಎಲೆ ಅಡಿಕೆಯನ್ನು ತಿಂಡಿ ಎಂದು ಯಾರು ಲೆಕ್ಕ ಹಾಕುತ್ತಾರೆ?

"ಅದು ವಿಷ ಅಂತ ಗೊತ್ತಿಲ್ವಾ ನಿನಗೆ?"

"ನೀವು ಸೂಜೀಲಿ ಚುಚ್ಚೋದೂ ಅದೇ ಅಂತಲ್ಲ ಡಾಕ್ಟ್ರಪ್ಪ. ವಾರ್ಡಿನ ಆಳೇ ಹೇಳ್ದ. ನೀವು ಕೊಟ್ರೆ ಔಷಧಿ, ನಾ ಕೊಟ್ರೆ ವಿಷ ಆಗೋದು ಹೆಂಗೆ? ನೀವು ಕಮ್ಮಿ ಮಾಡಿದ್ರಿ, ಮಗ ಒದ್ದಾಡ್ತಿದ್ದ. ನಾ ಅಷ್ಟನ್ನ ತುಂಬಿದೆ."

ನಾನು ಒಂದು ಕಡೆ ಚೆಲ್ಲುತ್ತಿದ್ದೆ, ಅವಳು ಇನ್ನೊಂದು ಕಡೆ ತುಂಬುತ್ತಿದ್ದಳು, ಇವತ್ತು ಅದರ ಮೇಲೆ ಆಪರೇಷನ್ನಿನ ಪೂರ್ತಿ ಸೂಜಿಯೂ ಬಿದ್ದಿತ್ತು. ನನ್ನ ಆ ಚೆಲ್ಲಾಟಕ್ಕೇ ದೊಡ್ಡ ಡಾಕ್ಟರು ಬೆನ್ನು ತಟ್ಟಿದ್ದರು.

ಮುಂದಿನ ವಾರ ಸರ್ಜನರು ಎಲ್ಲ ತಿಳಿದುಕೊಂಡೇ, ಬೆನ್ನಿಗೆ ಮರಗಟ್ಟುವ ಮದ್ದು ಚುಚ್ಚಿ ಆ ಎಲುಬಿನ ಚೂರು ತೆಗೆದರು. ಕರಿಬಣ್ಣಕ್ಕೆ ತಿರುಗಿದ ಉಗುರಿನಗಲದ ಚೂರು. ಗಾಯ ಮಾಯತೊಡಗಿತು. ಆದರೆ ನಾವು ಭದ್ರಾವತಿಗೆ ಬರುವಷ್ಟರಲ್ಲಿ ಸುದ್ದಿ ನಮಗಿಂತ ಮೊದಲೇ ಮುಟ್ಟಿತ್ತು. ದೊಡ್ಡ ಡಾಕ್ಟರು, "ಅಫೀಮು ತಿನ್ನೋನಿಗೆ ನಾನು ಸರ್ಟಿಫಿಕೇಟ್ ಬರ್ಕೊಡಲ್ಲ. ಡಿಸ್ಚಾರ್ಜ್ ಮಾಡಿ ಕಳಿಸ್ರೀ" ಎಂದರು.

"ಅವನಿಗೆ ಅದನ್ನ ಹಿಡಿಸಿದ್ದು ನಮ್ಮ ಸೂಜಿ ಸಾರ್."

"ಸೂಜಿ ಬೇರೆ, ಅಫೀಮು ಬೇರೆ."

ಮುದುಕಿ ಕೇಳಿದ್ದನ್ನೇ ಅವರಿಗೆ ಕೇಳಬೇಕೆಂದು ನಾಲಿಗೆ ತುದಿಗೆ ಬಂತು. ನುಂಗಿಕೊಂಡೆ. ಎರಡು ತಿಂಗಳು ಕೊಡಿ ಸಾರ್, ಬಿಡಿಸ್ತೀನಿ, ಆಗದಿದ್ದರೆ ನಾನೇ ಅವನನ್ನು ಕಳಿಸುತ್ತೇನೆ ಎಂದು ಗೋಗರೆದೆ. ಅವರು ಕೈ ಬೀಸಿ ಹೋದರು. ಅದನ್ನೇ ಒಪ್ಪಿಗೆ ಎಂದುಕೊಂಡೆ.

ಆಗ ನಾನು ಮಾಡಿದ ತೀರ್ಮಾನವನ್ನು ಈಗಲೂ ಕೆಲವರು ಮೂರ್ಖತನ ಎನ್ನುತ್ತಾರೆ. ಸೂಜಿಯನ್ನು ಪೂರ್ತಿ ನಿಲ್ಲಿಸಿದೆ. ಕದ್ದು ಕೊಡುವವಳ ಕೈಗೇ ಕೆಲಸ ಒಪ್ಪಿಸಿದೆ. ಮಗ ನನ್ನನ್ನು ಬೈಯಬಲ್ಲ, ನನಗೆ ತಟ್ಟೆ ಎಸೆಯಬಲ್ಲ, ತಾಯಿಗೆ ಎಸೆಯಲಾರ. ತಾಯಿಯಾದರೋ ತಾನೇ ಇಳಿಸುತ್ತಿರುವುದನ್ನು ತಾನೇ ತುಂಬಲಾರಳು. ಕ್ರಮ ಹೀಗಿತ್ತು: ಅಫೀಮನ್ನು ಬತ್ತಿಯ ಹಾಗೆ ಹೊಸೆದು ಒಂದೇ ಉದ್ದದ ತುಂಡು ಮಾಡಿಕೊಂಡು ಅವಳು ಬೆಳಿಗ್ಗೆ ವಾರ್ಡಿಗೆ ತರಬೇಕು. ನಾನು ಒಂದು ಪೊರಕೆಕಡ್ಡಿ ಕೊಟ್ಟೆ. ಆ ಕಡ್ಡಿಯ ಅಳತೆಗೆ ಅಡಿಕೆಕತ್ತರಿಯಿಂದ ತುಂಡನ್ನು ಕತ್ತರಿಸಿ, ನನ್ನೆದುರಿಗೇ ಮಗನ ಬಾಯಿಗೆ ಹಾಕಬೇಕು. ವಾರಕ್ಕೊಮ್ಮೆ ಕಡ್ಡಿಯ ತುದಿಯನ್ನು ನಾನು ಮುರಿದು ಗಿಡ್ಡ ಮಾಡುತ್ತಿದ್ದೆ. ಓದು ಬರಹ ಬೇಡ, ಲೆಕ್ಕ ಬೇಡ. ಕತ್ತರಿಸಿ ಉಳಿದದ್ದನ್ನು ಅವಳು ಸಂಚಿಗೆ ಹಾಕಿಕೊಳ್ಳುತ್ತಿದ್ದಳು. ನಾಳೆಗೆ ಸೇರಿಸಿ ಹೊಸೆಯುತ್ತಾಳೆ ಎಂದುಕೊಂಡು ನಾನು ಮೇಸ್ತ್ರಿಯ ಕಣ್ಣಿನ ಪಾಪೆ ನೋಡಲು ತಿರುಗುತ್ತಿದ್ದೆ.

ಸುಲಭವಾಗಲಿಲ್ಲ. ಕಡ್ಡಿ ಮುರಿದ ದಿನವೆಲ್ಲ ಮೇಸ್ತ್ರಿಗೆ ಭೇದಿ, ಬೆವರು, ಕಾಲಿನ ಸೆಳೆತ. ಇಲ್ಲದ ಪಾದದ ಹೆಬ್ಬೆರಳು ಸುಡುತ್ತದೆ ಎಂದು ಅಳುತ್ತಿದ್ದ. ಒಮ್ಮೆ ತೆವಳಿಕೊಂಡು ಬಾಗಿಲವರೆಗೆ ಹೋಗಿದ್ದ. ತಾಯಿ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, "ಇನ್ನೊಂದು ಚೂರು ಕೊಡವ್ವ" ಎಂದರೆ "ಕಡ್ಡಿ ಇಷ್ಟೇ ಐತಲ್ಲೋ ಮಾರಾಯ" ಎನ್ನುತ್ತಿದ್ದಳು. ನಾನು ಹೇಳಿದ್ದರೆ ಹೊಡೆದಾಟವಾಗುತ್ತಿತ್ತು. ಮುದುಕಿ ಕಲ್ಲಿನಂಥವಳು ಎಂದು ನಾನು ಮೆಚ್ಚಿಕೊಂಡೆ. ಮಗ ನರಳುತ್ತಿದ್ದರೂ ಅವಳ ಮುಖದಲ್ಲಿ ಒಂದು ನೆಮ್ಮದಿ ಇರುತ್ತಿತ್ತು, ಆಗಾಗ ಕೂತಲ್ಲೇ ತೂಕಡಿಸುತ್ತಿದ್ದಳು. ವಯಸ್ಸು, ದಣಿವು ಎಂದುಕೊಂಡೆ.

ಕಡ್ಡಿ ಕೊನೆಗೆ ಹಿಡಿಯಲಾಗದಷ್ಟು ಗಿಡ್ಡವಾಯಿತು. ಒಂದು ಬೆಳಿಗ್ಗೆ ಅದನ್ನು ಕಿಟಕಿಯಿಂದ ಆಚೆ ಎಸೆದೆ. ಮೇಸ್ತ್ರಿ ಆ ವಾರ ಒದ್ದಾಡಿ ಎದ್ದ. ದೊಡ್ಡ ಡಾಕ್ಟರು ಅವನ ತೋಳು, ಕಣ್ಣು, ಗಾಯ ಎಲ್ಲ ನೋಡಿ, ತಪ್ಪು ಹಿಡಿಯಲು ಏನೂ ಸಿಗದೆ, ಸಹಿ ಹಾಕಿದರು. ನನ್ನ ಬೆನ್ನು ತಟ್ಟಲಿಲ್ಲ. ಅದೇ ನನಗೆ ಹೆಚ್ಚು ಖುಷಿ ಕೊಟ್ಟಿತು.

ಉಗ್ರಾಣದ ಕೆಲಸಕ್ಕೆ ಹೋಗಬೇಕಾದ ಮೊದಲ ಬೆಳಿಗ್ಗೆ ಮೇಸ್ತ್ರಿ ಒಗೆದ ಅಂಗಿ ಹಾಕಿಕೊಂಡು ಊರುಗೋಲಿನಲ್ಲಿ ಆಸ್ಪತ್ರೆಗೆ ಬಂದ. ಒಬ್ಬನೇ ಬರಲಿಲ್ಲ, ತಾಯಿಯನ್ನೂ ಕರೆದುಕೊಂಡು ಬಂದಿದ್ದ. "ಅವ್ವಂಗೆ ಚಳಿಜ್ವರ ಸ್ವಾಮಿ. ಮೂರ್ನಾಲ್ಕು ದಿನ ಆಯ್ತು, ನಡುಗ್ತಾಳೆ, ಏನೂ ಸೇರ್ತಿಲ್ಲ" ಎಂದ. ಆ ಕಾಲದ ಭದ್ರಾವತಿಯಲ್ಲಿ ನಡುಗುವವರೆಲ್ಲ ಮಲೇರಿಯಾದವರೇ. ದೊಡ್ಡ ಡಾಕ್ಟರು ಬಾಗಿಲಲ್ಲಿ ಹಾದುಹೋಗುತ್ತ, "ಕ್ವಿನೈನ್ ಕೊಡ್ರೀ" ಎಂದರು.

ಮೈ ಮುಟ್ಟಿದರೆ ಬಿಸಿ ಇರಲಿಲ್ಲ. ತೋಳಿನ ರೋಮ ನಿಮಿರಿ ನಿಂತಿತ್ತು. ಮೂಗು, ಕಣ್ಣು ಸೋರುತ್ತಿದ್ದವು. ಬಾಯಿ ಮುಚ್ಚಲು ಬಿಡದ ಆಕಳಿಕೆ. ರೆಪ್ಪೆ ಎತ್ತಿ ನೋಡಿದೆ, ಆ ಬೆಳಕಿನಲ್ಲೂ ಪಾಪೆ ಅಗಲವಾಗಿ ತೆರೆದಿತ್ತು. ಇವೆಲ್ಲ ನಾನು ಮೇಸ್ತ್ರಿಯ ಮೈಯಲ್ಲಿ ನೋಡಿದ್ದವೇ.

"ಅವ್ವ, ಕತ್ತರಿಸಿ ಉಳಿದ ಚೂರನ್ನ ಏನ್ ಮಾಡ್ತಿದ್ದೆ ನೀನು?"

ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. "ಏನ್ ಮಾಡ್ಲಿ ಡಾಕ್ಟ್ರಪ್ಪ? ದುಡ್ ಕೊಟ್ಟು ತಂದಿದ್ದನ್ನ ಚೆಲ್ಲಕ್ಕಾಗ್ತದಾ? ಮನೇಲಿಟ್ರೆ ಮಕ್ಕಳ ಕೈಗೆ ಸಿಕ್ಕೀತು. ಇವನ ಕಣ್ಣಿಗೆ ಬಿದ್ರೆ ಇನ್ನೇನೈತೆ? ಅದ್ಕೇ ನಾನೇ ಬಾಯಿಗೆ ಹಾಕ್ಕೊಂಡ್ಬಿಡ್ತಿದ್ದೆ."

ಮಗನ ತುಂಡು ಗಿಡ್ಡವಾದಷ್ಟೂ ಉಳಿದ ಚೂರು ಉದ್ದವಾಗುತ್ತ ಹೋಗಿತ್ತು. ಎರಡು ತಿಂಗಳು ನಾನು ನನ್ನ ಕೈಯಾರೆ ಕಡ್ಡಿ ಮುರಿದು ಮುರಿದು ಅವಳ ಪಾಲು ಬೆಳೆಸಿದ್ದೆ. ಮಗನಿಗೆ ಮುಗಿದ ದಿನವೇ ಅವಳು ತರುವುದನ್ನೂ ನಿಲ್ಲಿಸಿದ್ದಳು, ಸಂಚಿಯಲ್ಲಿ ಉಳಿದಿದ್ದ ಚೂರುಗಳೂ ಮೂರ್ನಾಲ್ಕು ದಿನದ ಹಿಂದೆ ತೀರಿದ್ದವು. ಯಾರಿಗೆ ರೇಗಬೇಕೆಂದು ತಿಳಿಯದೆ ನಾನು ಮೇಜಿನ ಮೇಲಿದ್ದ ಬೋಗುಣಿಯನ್ನು ಅತ್ತ ನೂಕಿದೆ, ಅದು ಸದ್ದು ಮಾಡುತ್ತ ನೆಲಕ್ಕೆ ಬಿತ್ತು.

"ಹೆದರ್ಬೇಡ" ಎಂದೆ. "ಮಗನಿಗೆ ಇಳಿಸಿದ ಹಾಗೇ ನಿನಗೂ ಇಳಿಸಬಹುದು. ಮನೇಲಿ ಯಾರಾದ್ರೂ ಅಳೆದು ಕೊಡಬೇಕು, ಅಷ್ಟೇ."

ಹೇಳಿದ ಮೇಲೆ ನನಗೇ ಹೊಳೆಯಿತು, ಆ ಮನೆಯಲ್ಲಿ ಯಾರಿದ್ದಾರೆ ಎಂದು. ಅಷ್ಟರಲ್ಲಿ ಮೇಸ್ತ್ರಿ ಊರುಗೋಲು ಕುಟ್ಟುತ್ತ ಮುಂದೆ ಬಂದಿದ್ದ.

"ನಾನ್ ಇದೀನಲ್ಲ ಸ್ವಾಮಿ. ನಾನೇ ತರ್ತೀನಿ, ನಾನೇ ಕತ್ತರ್ಸಿ ಕೊಡ್ತೀನಿ. ಅವ್ವ ನಂಗೆ ಮಾಡ್ಲಿಲ್ವಾ?"

ಅವನ ಮಾತಿನಲ್ಲಿ ಕಪಟವಿರಲಿಲ್ಲ. ಕಣ್ಣಲ್ಲಿ ನೀರಿತ್ತು. ಆದರೆ ಹೇಳುತ್ತ ಹೇಳುತ್ತ ಅವನು ಬಾಯಲ್ಲಿ ಊರಿದ ನೀರನ್ನು ನುಂಗಿದ. ಗಂಟಲ ಮಣಿ ಮೇಲೆ ಹೋಗಿ ಕೆಳಗೆ ಬಂದದ್ದನ್ನು ನಾನು ನೋಡಿದೆ. ಮುದುಕಿಯೂ ನೋಡಿದಳು.

"ಬ್ಯಾಡ" ಎಂದಳು. ಕೈಯನ್ನು ನನ್ನ ಮುಂದೆ ಚಾಚಿದಳು. "ದೊಡ್ಡ ಡಾಕ್ಟ್ರು ಹೇಳಿದ್ದೇ ಸರಿ. ಇದು ಚಳಿಜ್ವರಾನೇ. ಆ ಕಹಿ ಗುಳಿಗೆ ಕೊಡಿ."

ನಾನು ಕೊಟ್ಟೆ. ಅವಳು ಅದನ್ನು ಮಗನಿಗೆ ಕಾಣುವ ಹಾಗೆ ಬಾಯಿಗೆ ಹಾಕಿಕೊಂಡು, ನೀರು ಕುಡಿದು, ಮುಖ ಸಿಂಡರಿಸಿದಳು. ಆಮೇಲೆ ಅವನ ಅಂಗಿಯ ಗುಂಡಿ ಸರಿಮಾಡಿ, "ಹೋಗು, ಹೊತ್ತಾಯ್ತು ನಿಂಗೆ" ಎಂದು ಕೆಲಸಕ್ಕೆ ಕಳಿಸಿದಳು.